‘ಗೊತ್ತಿಲ್ಲ’ಕ್ಕೆ ಬರೆದ ಸಾಲು

ನಮ್ಮ ಅತ್ತೆಗೆ ಬೆರಕೆ ಕಂಡರೆ ಆಗುವುದಿಲ್ಲ. ಸಕ್ಕರೆ ಡಬ್ಬಿಯಲ್ಲಿ ಸಕ್ಕರೆಯೇ ಇರಬೇಕು. ಖಾಲಿಯಾಗಿತ್ತಲ್ಲ ಎಂದು ನಾನು ಒಮ್ಮೆ ಅದಕ್ಕೆ ಉಪ್ಪು ತುಂಬಿಟ್ಟಿದ್ದಕ್ಕೆ ಮೂರು ದಿನ ಮುಖ ಊದಿಸಿಕೊಂಡಿದ್ದರು. ಸೊಸೆಯನ್ನು ಗೋಳುಹೊಯ್ದುಕೊಳ್ಳಲು ಇದೊಂದು ನೆಪ ಎಂದುಕೊಂಡಿದ್ದೆ. ಅವರ ಕೈಕೆಳಗೇ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ಕಂಪ್ಯೂಟರಿಗೂ ಅವರು ಅದೇ ಪಾಠ ಹೇಳುತ್ತಾರೆಂದು.

ರೈಲ್ವೆ ಗೇಟುಗಳನ್ನು ನಡೆಸುವ ಪ್ರೋಗ್ರಾಮನ್ನು ಅತ್ತೆ ಮೂವತ್ತು ವರ್ಷ ಬರೆದರು, ಏಡಾ ಎಂಬ ಭಾಷೆಯಲ್ಲಿ. ಮಹಾ ಕಟ್ಟುನಿಟ್ಟಿನ ಭಾಷೆ ಅದು. ಮೀಟರಿಗೆ ಸೆಕೆಂಡು ಕೂಡಿಸಲು ಹೋದರೆ ಒಪ್ಪುವುದಿಲ್ಲ. ಹಳಿಯ ಮೇಲೆ ಏನೇನಿರಬಹುದೆಂದು ಪಟ್ಟಿ ಕೊಟ್ಟರೆ, ಒಂದೊಂದಕ್ಕೂ ಏನು ಮಾಡಬೇಕೆಂದು ಹೇಳುವ ತನಕ ಬಿಡುವುದಿಲ್ಲ. ಅತ್ತೆಯ ಪಟ್ಟಿಯಲ್ಲಿ ಐದಿದ್ದವು: ಖಾಲಿ, ಮನುಷ್ಯ, ಪ್ರಾಣಿ, ವಾಹನ, ಗೊತ್ತಿಲ್ಲ. ಖಾಲಿಯಿದ್ದರೆ ಮಾತ್ರ ರೈಲಿಗೆ ಹಸಿರು ದೀಪ. ಮಿಕ್ಕದ್ದನ್ನೆಲ್ಲ ಒಂದೇ ಸಾಲಿನಲ್ಲಿ ಕಟ್ಟಿ ಮುಗಿಸಲು ಆ ಭಾಷೆಯಲ್ಲೂ ದಾರಿಯಿದೆ. ಅತ್ತೆ ಅದಕ್ಕೆ ಒಪ್ಪದೆ ‘ಗೊತ್ತಿಲ್ಲ’ಕ್ಕೆಂದೇ ಬೇರೆ ಸಾಲು ಬರೆದರು: ರೈಲು ನಿಲ್ಲಲಿ.

ಅವರು ನಿವೃತ್ತರಾದ ಮೇಲೆ ಆ ಪ್ರೋಗ್ರಾಮು ನನ್ನ ಕೊರಳಿಗೆ ಬಿತ್ತು. ಕೆಲವು ತಿಂಗಳಿಗೆ ಕಾಲುವೆ ಪಕ್ಕದ ಗೇಟಿನಲ್ಲಿ ಅದು ಶುರುವಾಯಿತು. ದಿನಾ ಸಂಜೆ ನಾಲ್ಕು ಇಪ್ಪತ್ತಕ್ಕೆ, ಗೇಟು ಇಳಿದ ಮೇಲೆ, ಅಲ್ಲಿನ ರೇಡಾರು ಹಳಿಯ ಮೇಲೆ ಏನೋ ಇದೆ ಎನ್ನುತ್ತಿತ್ತು. ಮುಂದೆ ಸೊಂಟದೆತ್ತರದ, ನಾಲ್ಕು ಸಣಕಲು ಕಾಲಿನ ವಸ್ತು. ಅದಕ್ಕೆ ಅಂಟಿಕೊಂಡಂತೆ ಹಿಂದೆ ಇನ್ನೆರಡು ಕಾಲು. ಪಟ್ಟಿಯಲ್ಲಿ ಬೇರಾವುದಕ್ಕೂ ಹೊಂದದೆ ‘ಗೊತ್ತಿಲ್ಲ’ಕ್ಕೆ ಬೀಳುತ್ತಿತ್ತು, ರೈಲು ನಿಲ್ಲುತ್ತಿತ್ತು. ನಲವತ್ತು ಸೆಕೆಂಡಿಗೆ ಮಾಯ. ಕ್ಯಾಮೆರಾದಲ್ಲಿ ನೋಡಿದರೆ ಬರೀ ಬಿಸಿಲು. ರೇಡಾರನ್ನೇ ಎರಡು ಸಲ ಬದಲಾಯಿಸಿದೆವು. ಹೊಸದೂ ಅದನ್ನೇ ಹೇಳಿತು.

“ಯಾರದೋ ಮೇಜು ವಾಕಿಂಗ್ ಹೊರಟಿದೆ ಕಣ್ರೀ,” ಎಂದು ನಮ್ಮ ಸಾಹೇಬರು ನಕ್ಕರು. ನಾವೂ ನಕ್ಕೆವು. ಎರಡು ತಿಂಗಳು ರೈಲುಗಳು ತಡವಾಗಿ, ಮೇಲಿನವರು ಕೂಗಾಡತೊಡಗಿದ ಮೇಲೆ ಸಾಹೇಬರ ನಗು ನಿಂತಿತು. “ಆ ‘ಗೊತ್ತಿಲ್ಲ’ನ ‘ಖಾಲಿ’ ಜೊತೆ ಸೇರಿಸ್ಬಿಡಿ ಮೇಡಂ,” ಎಂದರು. ಸೇರಿಸಿದೆ. ಅಷ್ಟು ಕಟ್ಟುನಿಟ್ಟಿನ ಭಾಷೆ ತುಟಿಪಿಟಕ್ಕೆನ್ನಲಿಲ್ಲ. ಉತ್ತರ ಇದೆಯೇ ಎಂದಷ್ಟೇ ಅದು ನೋಡುತ್ತದೆ, ಸರಿಯೋ ತಪ್ಪೋ ಎಂಬುದು ನಮ್ಮ ತಲೆನೋವು. ಬುಧವಾರ ಸಂಜೆ ನಾಲ್ಕಕ್ಕೆ ಹೊಸದನ್ನು ಗೇಟಿಗೆ ಹಾಕುವುದೆಂದಾಯಿತು. ಅತ್ತೆಗೆ ಹೇಳಲು ನನಗೆ ಮುಖವಿರಲಿಲ್ಲ.

ಅದಕ್ಕೆ ಹತ್ತು ದಿನ ಮೊದಲು ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ನೋಯಿಸಿಕೊಂಡಿದ್ದರು. ಬುಧವಾರ ಬೆಳಿಗ್ಗೆ ನಾನು ಹೊರಡುವಾಗ ನಡುಮನೆಯಲ್ಲಿ ಎದ್ದು ನಿಂತಿದ್ದರು, ನನ್ನ ಗಂಡ ಹಿಂದಿನ ದಿನ ತಂದಿಟ್ಟಿದ್ದ ವಾಕರ್ ಹಿಡಿದು. ಅಲ್ಯೂಮಿನಿಯಂ ಕೊಳವೆಯದು. ಸೊಂಟದೆತ್ತರ. ನಾಲ್ಕು ಸಣಕಲು ಕಾಲು.

ಅದರ ಹಿಂದಿನ ಅತ್ತೆಯ ಎರಡು ಕಾಲನ್ನೂ ಎಣಿಸಿದೆ.

“ಏನೇ ಹಾಗೆ ನೋಡ್ತೀಯ? ನಾಲ್ಕೂವರೆಗೆ ವ್ಯಾಯಾಮ ಮಾಡಿಸೋರ ಹತ್ರ ಹೋಗ್ಬೇಕು. ಕಾಲುವೆ ಗೇಟಿನಾಚೆಗೇ ಇದೆ. ನಡ್ಕೊಂಡೇ ಬನ್ನಿ ಅಂದಿದ್ದಾರೆ.”

“ಇವತ್ತು ಬೇಡ ಅತ್ತೆ.”

“ಯಾಕೆ?”

“ಗೊತ್ತಿಲ್ಲ.”

ಅತ್ತೆ ನಕ್ಕರು. “ಗೊತ್ತಿಲ್ಲ ಅನ್ನೋದಕ್ಕೂ ಒಂದು ಸಾಲು ಬರೆದಿಟ್ಟಿದ್ದೀನಲ್ಲೇ. ಹೆದರ್ಬೇಡ, ಹೋಗು.”

ಆ ಸಾಲನ್ನೇ ಅಳಿಸಲು ಹೊರಟಿದ್ದೇನೆ ಎಂದು ಹೇಳದೆ ಚಪ್ಪಲಿ ಮೆಟ್ಟಿ ಆಫೀಸಿಗೆ ಬಂದೆ. ನಾಲ್ಕಕ್ಕೆ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಸಾಹೇಬರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

“ಹಾಕಿ ಮೇಡಂ.”

“ಹಾಕಲ್ಲ ಸರ್.”

“ತಲೆ ಕೆಟ್ಟಿದ್ಯೇನ್ರೀ? ಕೆಲಸ ಹೋಗುತ್ತೆ!”

“ಹೋಗ್ಲಿ.”

ಅವರೇ ಕೀಬೋರ್ಡಿಗೆ ಕೈಹಾಕಿದರು. ಪಾಸ್‌ವರ್ಡ್ ಗೊತ್ತಿದ್ದದ್ದು ನನಗೊಬ್ಬಳಿಗೆ. ಕೇಳಿದರು, ಕೊಡಲಿಲ್ಲ. ಅವರು ಕೂಗಾಡುತ್ತಿರುವಾಗಲೇ ನಾಲ್ಕು ಇಪ್ಪತ್ತಾಯಿತು.

ರೇಡಾರು ಎಂದಿನಂತೆ ‘ಗೊತ್ತಿಲ್ಲ’ ಎಂದಿತು. ಈ ಸಲ ಕ್ಯಾಮೆರಾ ಖಾಲಿಯಿರಲಿಲ್ಲ. ಇಳಿದ ಎರಡು ಗೇಟುಗಳ ನಡುವೆ ಸಿಕ್ಕಿಕೊಂಡು ಅತ್ತೆ ವಾಕರನ್ನು ಮುಂದಿಡುತ್ತಿದ್ದರು, ಒಂದು ಹೆಜ್ಜೆ ಹಾಕುತ್ತಿದ್ದರು. ನಡುಹಳಿಯಲ್ಲಿ ಒಮ್ಮೆ ನಿಂತು ಸುಧಾರಿಸಿಕೊಂಡರು. ರೈಲು ಕೆಂಪು ದೀಪದೆದುರು ನಿಂತಿತ್ತು. ಅತ್ತೆ ಆಚೆ ಮುಟ್ಟಿದಾಗ ನಲವತ್ತು ಸೆಕೆಂಡಾಗಿತ್ತು. ಹಿಂದಿನ ಎರಡು ತಿಂಗಳ ದಾಖಲೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ದಿನವೂ ಅದು ಅಲ್ಲೇ ನಿಂತು ಸುಧಾರಿಸಿಕೊಂಡಿತ್ತು.

ಮಾರನೆಯ ದಿನದಿಂದ ನಾಲ್ಕು ಇಪ್ಪತ್ತಕ್ಕೆ ಏನೂ ಬರಲಿಲ್ಲ. ಅತ್ತೆಯ ಮುಂದೆ ಅತ್ತು ಎಲ್ಲ ಒಪ್ಪಿಕೊಂಡೆ. ಸತ್ತು ಬದುಕಿದ್ದಕ್ಕಲ್ಲ, ಸಾಲು ಅಳಿಸಲು ಹೊರಟಿದ್ದಕ್ಕೆ ಒಂದು ವಾರ ನನ್ನೊಂದಿಗೆ ಮಾತು ಬಿಟ್ಟರು. ಉಪ್ಪಿಗೆ ಮೂರೇ ದಿನವಾಗಿತ್ತು.

ಹೋದ ಸೋಮವಾರದಿಂದ ಅದೇ ಗೇಟಿನಲ್ಲಿ ಬೆಳಿಗ್ಗೆ ಎಂಟು ಹತ್ತಕ್ಕೆ ಇನ್ನೇನೋ ಬರುತ್ತಿದೆ. ಎರಡು ದೊಡ್ಡ ಚಕ್ರ, ಎರಡು ಸಣ್ಣವು, ಮೇಲೆ ಕೂತ ಮನುಷ್ಯನಷ್ಟೆತ್ತರದ ಏನೋ. ಕ್ಯಾಮೆರಾದಲ್ಲಿ ಬರೀ ರಸ್ತೆ. ಕಾಲುವೆಯಾಚೆಯಿಂದ ಕೆಲಸಕ್ಕೆ ಬರುವವರು ನಮ್ಮಲ್ಲಿ ಸಾಹೇಬರೊಬ್ಬರೇ. ಅವರು ನಡೆದು ಗೇಟು ದಾಟುವುದು ಎಂಟಕ್ಕೆ. ಚಕ್ರದ ಮೇಲಿನದು ಬರುವುದು ಅದಕ್ಕಿಂತ ಹತ್ತು ನಿಮಿಷ ತಡವಾಗಿ.

ಈ ಸಲ ಯಾರೂ ತಮಾಷೆ ಮಾಡಿಲ್ಲ. ದಿನಾ ಬೆಳಿಗ್ಗೆ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ.

“ಮೇಡಂ, ನಿಮ್ಮತ್ತೆ ಬರೆದ ಸಾಲು ಹಾಗೇ ಇದೆ ತಾನೇ?”

“ಇದೆ ಸರ್,” ಎನ್ನುತ್ತೇನೆ. ಅವರ ಕಾಲಿನ ಕಡೆ ಕಣ್ಣು ಹೋಗದಂತೆ ನೋಡಿಕೊಳ್ಳುತ್ತೇನೆ.