ಪಕ್ ವಕಿದಿಯ ಶುಕ್ರವಾರ

ಯೋಗ್ಯಕರ್ತಾದ ನಮ್ಮ ಪ್ರಯೋಗಾಲಯದಲ್ಲಿ ಇಲಿಮನೆ ನೋಡಿಕೊಳ್ಳುವ ಪಕ್ ವಕಿದಿಯ ಜೊತೆ ಹತ್ತೊಂಬತ್ತು ವರ್ಷ ಏಗಿ ನನ್ನ ತಲೆ ಅರ್ಧ ನರೆತಿದೆ. ಜಾವಾದ ಸಣಕಲು ಮನುಷ್ಯ; ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಹಿರಿಯ ಗಂಡಸರಿಗೆ 'ಪಕ್' ಅನ್ನುವಂತೆ ಹಿರಿಯ ಹೆಂಗಸರಿಗೆ 'ಬು'; ನನ್ನನ್ನೂ ಹಾಗೇ ಕರೆಯುತ್ತಾನೆ. ಏನು ಹೇಳಿದರೂ 'ಹೂಂ ಬು'. ಅದು ಒಪ್ಪಿಗೆಯೋ ಅಲ್ಲವೋ ದೇವರಿಗೇ ಗೊತ್ತು. ನಾನು ಬೇರೆ ದ್ವೀಪದವಳು, ತೋಬಾ ಸರೋವರದ ಕಡೆಯ ಬತಕ್ ಹೆಂಗಸು. ನಮ್ಮಲ್ಲಿ ಇಲ್ಲ ಅಂದರೆ ಇಲ್ಲ, ಅದೂ ಆಚೆ ದಡಕ್ಕೆ ಕೇಳುವ ಹಾಗೆ.

ಆತ ಇಲಿಗಳನ್ನು ಮೊಮ್ಮಕ್ಕಳಂತೆ ಸಾಕುತ್ತಾನೆ. ಬೆಳಿಗ್ಗೆ ಆರಕ್ಕೆ ಬಂದು ಹೊಟ್ಟು ಬದಲಿಸುತ್ತಾನೆ, ಸಂಜೆಯ ನಮಾಜು ಮುಗಿಸಿ ಇನ್ನೊಂದು ಸುತ್ತು ಹಾಕಿಯೇ ಮನೆಗೆ ಹೋಗುವುದು. ಇಲಿ ಹೆತ್ತರೆ ಪಂಜರಕ್ಕೆ ಚೀಟಿ ಕಟ್ಟುತ್ತಾನೆ. ಅದರಲ್ಲಿ ತಾರೀಖು ಇರುವುದಿಲ್ಲ. ವಾರ ಇರುತ್ತದೆ, ಪಕ್ಕದಲ್ಲಿ ಜಾವಾದವರ ಐದು ದಿನದ ವಾರದ ಹೆಸರು. ಇಲಿಗೂ ಜಾತಕ! ಅದನ್ನು ತಾರೀಖಿಗೆ ತಿರುಗಿಸಿ ಬರೆದುಕೊಳ್ಳುವ ಕರ್ಮ ನನ್ನದು. ತಾರೀಖು ಬರೆಯಿರಿ ಅಂತ ನೂರು ಸಲ ಹೇಳಿದ್ದೇನೆ. ಹೂಂ ಬು.

ಮೊದಲೆಲ್ಲ ದೊಡ್ಡ ಇಲಿಗಳ ಕೆಲಸ, ಒಂದು ದಿನ ಹೆಚ್ಚುಕಡಿಮೆಯಾದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಸಲ ಎಳೆ ಮರಿಗಳ ರಕ್ತ. ಆಗತಾನೇ ಹುಟ್ಟಿದ ಮರಿಯ ಕೆಂಪು ಕಣಗಳು ದಪ್ಪ, ಎಣಿಕೆಯಲ್ಲಿ ಕಡಿಮೆ. ದಿನ ಕಳೆದಂತೆ ಅವು ಹೋಗಿ ಸಣ್ಣವು ಬರುತ್ತವೆ. ನೀಲಿ ಬಣ್ಣ ಹಾಕಿದರೆ ಎಳೆಯ ಕಣದೊಳಗೆ ಬಲೆಯಂಥ ಗೆರೆ ಕಾಣುತ್ತದೆ. ಅಂಥ ಕಣಗಳೂ ದಿನದಿನಕ್ಕೆ ಇಳಿಯುತ್ತವೆ. ಎಣಿಸುವವಳು ನಾನು. ಮೂರು ದಿನದವೆಂದು ಬಂದ ಮರಿಗಳಲ್ಲಿ ಕೆಲವಕ್ಕೆ ಮೂರು ದಿನದ ರಕ್ತ, ಕೆಲವಕ್ಕೆ ನಾಲ್ಕು ದಿನದ್ದು. ಎಷ್ಟು ಸಲ ಎಣಿಸಿದರೂ ಅಷ್ಟೇ.

ಪ್ರಯೋಗಾಲಯ ನಡೆಸುವ, ದೂರದ ಮನಾಡೊ ಕಡೆಯ ನಮ್ಮ ಡಾಕ್ಟರ್ ಮೇಯ್ಸ್ಕೆ ನನ್ನ ಪಟ್ಟಿ ನೋಡಿ ಕನ್ನಡಕ ತೆಗೆದಿಟ್ಟರು.

"ಬು ತಿಯುರ್, ನಿಮ್ಗೂ ಐವತ್ತಾರಾಯ್ತು. ತಿಂಗಳ ಕೊನೆಯೊಳ್ಗೆ ಇದು ಸರಿಹೋಗ್ಲಿಲ್ಲ ಅಂದ್ರೆ ಸೂಕ್ಷ್ಮದರ್ಶಕ ಬೇರೆಯವರಿಗೆ ಕೊಡ್ತೀನಿ. ನೀವು ಸೀಸೆ ತೊಳೆಯೋ ಕಡೆ ಹೋಗಿ."

ಬಣ್ಣಕ್ಕೆ ಬೈದೆ, ದೀಪಕ್ಕೆ ಬೈದೆ. ಎಲ್ಲಕ್ಕಿಂತ ಹೆಚ್ಚಾಗಿ, ಮರಿಗಳನ್ನು ಅದಲುಬದಲು ಮಾಡುತ್ತೀರಿ ಎಂದು ಮೂರು ವಾರ ಇಲಿಮನೆಯ ಕಿಟಕಿಯಲ್ಲಿ ನಿಂತು ವಕಿದಿಗೆ ಬೈದೆ. ಆತ ತಲೆ ತಗ್ಗಿಸಿ ತೌಡು ಜರಡಿ ಹಿಡಿಯುತ್ತಿದ್ದ.

ಅದಲುಬದಲನ್ನು ಕಣ್ಣಾರೆ ನೋಡಿ ಹಿಡಿಯಬೇಕೆಂದು ಒಂದು ಗುರುವಾರ ಸಂಜೆ ಉಳಿದುಕೊಂಡೆ. ಮಸೀದಿಯಲ್ಲಿ ಬಾಂಗ್ ಆಯಿತು. ಆತ ನಮಾಜು ಮುಗಿಸಿ ಬರುವ ಹೊತ್ತಿಗೆ ಒಂದು ಇಲಿ ಹೆರುತ್ತಿತ್ತು. ಒಂಬತ್ತು ಮರಿ ಎಣಿಸಿ ಚೀಟಿ ಬರೆದ: ಶುಕ್ರವಾರ ಕ್ಲಿವೋನ್.

"ಇವತ್ತು ಗುರುವಾರ ಅಲ್ವಾ ಪಕ್?" ಎಂದೆ.

"ಹೊತ್ತು ಮುಳುಗ್ತಲ್ಲ ಬು. ಶುಕ್ರವಾರ ಬಂತು."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಮ್ಮಪ್ಪ ಹುಟ್ಟಿದ್ದೂ ಹಂಗೇ, ನಾನು ಹುಟ್ಟಿದ್ದೂ ಹಂಗೇ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಜಾವಾದವರ ದಿನ ಸಂಜೆಗೇ ಶುರುವಾಗುತ್ತದೆ. ಗುರುವಾರ ಸಂಜೆಯ ಮರಿಯೂ ಶುಕ್ರವಾರ ಮಧ್ಯಾಹ್ನದ ಮರಿಯೂ ಚೀಟಿಯಲ್ಲಿ ಓರಗೆಯವು; ನನ್ನ ತಾರೀಖಿನಲ್ಲಿ ಸಂಜೆಯದಕ್ಕೆ ಒಂದು ದಿನ ಕಡಿಮೆ ಬೀಳುತ್ತಿತ್ತು. ಹೊರಗಿನಿಂದ ಬಂದ ನನಗಾಗಲಿ ಡಾಕ್ಟರಿಗಾಗಲಿ ಅದು ಹೊಳೆದಿರಲಿಲ್ಲ.

ಮರುದಿನ ಡಾಕ್ಟರಿಗೆ ಹೇಳಿದೆ. ಸಂಜೆ ಹುಟ್ಟಿದವು ಯಾವುವೆಂದು ಈಗ ಯಾರಿಗೆ ಗೊತ್ತು, ನಲವತ್ತು ಸೂಲಿನ ಕೆಲಸವನ್ನೆಲ್ಲ ಬಿಸಾಡಬೇಕು ಎಂದರು. ಬಾಗಿಲಲ್ಲಿದ್ದ ವಕಿದಿ ತನಗೆ ಗೊತ್ತೆಂದ. ಡಾಕ್ಟರು ನಂಬಲಿಲ್ಲ. ರಕ್ತ ಸವರಿ ಗುರುತು ಮುಚ್ಚಿದ ಗಾಜುಗಳನ್ನು ನನ್ನ ಮುಂದಿಟ್ಟರು. ರಕ್ತ ನೋಡಿಯೇ ಸಂಜೆಯವನ್ನು ಬೇರೆ ಮಾಡಬೇಕಿತ್ತು. ವಕಿದಿ ಹೊರಗೆ ಕುಳಿತು ನೆನಪಿನಿಂದ ಬರೆದ. ಎರಡು ಪಟ್ಟಿಗಳೂ ಮೂವತ್ತೆಂಟು ಸೂಲಿಗೆ ಕೂಡಿಬಂದವು. ಉಳಿದೆರಡು ಬಾಂಗ್ ಕೂಗುತ್ತಿದ್ದಾಗಲೇ ಹುಟ್ಟಿದವಂತೆ.

"ನಿಮ್ಮ ಕಣ್ಣು ಸರಿಯಾಗೇ ಇದೆ, ಬು. ಸೂಕ್ಷ್ಮದರ್ಶಕದ ಮುಂದಿನ ಆ ಸ್ಟೂಲು ನಿಮ್ದೇ," ಎಂದು ಹೇಳಿ ಡಾಕ್ಟರು ಹೋದರು.

ನನಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚು ಬಂತು. ವಕಿದಿಯ ಕಡೆ ತಿರುಗಿದೆ. "ಮೂರು ವಾರ ನನ್ ಕೈಲಿ ಬೈಸ್ಕೊಂಡ್ರಲ್ಲ, ಬಾಯಲ್ಲಿ ಏನ್ ಕಡುಬು ಇಟ್ಕೊಂಡಿದ್ರಾ?"

"ನೀವು ಬೈತಾ ಇದ್ರಿ ಬು. ಏನೂ ಕೇಳಿರ್ಲಿಲ್ಲ."

ಆ ಗುರುವಾರಕ್ಕೆ ಮುಂಚೆ ನಾನು ಆತನನ್ನು ಏನಾದರೂ ಕೇಳಿದ್ದುಂಟೇ ಎಂದು ಯೋಚಿಸಿದೆ. ಹತ್ತೊಂಬತ್ತು ವರ್ಷದಲ್ಲಿ ಒಂದೂ ನೆನಪಾಗಲಿಲ್ಲ. ಆತನಿಗೆ ಎಷ್ಟು ಮಕ್ಕಳೆಂಬುದೂ ನನಗೆ ಗೊತ್ತಿರಲಿಲ್ಲ.