ಪೆಟ್ಟಿಗೆಯೊಳಗಿನ ನಲವತ್ತೊಂದು ಹೊದಿಕೆಗಳು

ಹಿಲಾರಿಯಾ ಕೊಂಡೋರಿ ನಮ್ಮೂರ ಪಾಲಕ ಸಂತನಿಗೆ ಬಟ್ಟೆ ತೊಡಿಸುವವಳು. ಮೂವತ್ತೊಂದು ವರ್ಷಗಳಿಂದ ತೊಡಿಸುತ್ತಿದ್ದಾಳೆ. ಸಂಬಳವಿಲ್ಲ. ಚರ್ಚಿನ ದೊಡ್ಡವರು ಇದನ್ನು ಗೌರವದ ಕೆಲಸ ಎನ್ನುತ್ತಾರೆ. ನಮ್ಮ ತೊಲಾಪಂಪಾದಲ್ಲಿ ಯಾವ ಕೆಲಸಕ್ಕೆ ದುಡ್ಡು ಕೊಡಲು ಮನಸ್ಸಿಲ್ಲವೋ ಅದಕ್ಕೆ ಗೌರವ ಕೊಡುವುದು ಹಿಂದಿನಿಂದ ಬಂದ ಪದ್ಧತಿ.

ಸಂತ ಮಾರ್ತಿನ ನಮ್ಮ ಚರ್ಚಿನಲ್ಲಿ ಕುದುರೆಯ ಮೇಲೆ ಕೂತಿದ್ದಾನೆ. ಆಳೆತ್ತರದ ಮರದ ಪ್ರತಿಮೆ. ಬಲಗೈಯಲ್ಲಿ ಕತ್ತಿ. ಕುದುರೆಯ ಮುಂಗಾಲ ಬಳಿ ಒಬ್ಬ ಭಿಕ್ಷುಕ ಮೊಣಕಾಲೂರಿದ್ದಾನೆ, ಸೊಂಟದಿಂದ ಮೇಲೆ ಬರಿಮೈ. ಕತೆ ಇಲ್ಲಿ ಮಾತು ಕಲಿತ ಮಕ್ಕಳಿಗೂ ಗೊತ್ತು. ಸಿಪಾಯಿಯಾಗಿದ್ದ ಮಾರ್ತಿನ ಕೊರೆಯುವ ಚಳಿಯಲ್ಲಿ ಊರಬಾಗಿಲ ಬಳಿ ನಡುಗುತ್ತಿದ್ದವನನ್ನು ಕಂಡು, ತನ್ನ ಮೈಮೇಲಿನ ಹೊದಿಕೆಯನ್ನು ಕತ್ತಿಯಿಂದ ಎರಡು ಮಾಡಿ ಅರ್ಧ ಅವನಿಗೆ ಹೊದಿಸಿದ. ಈ ಕತೆಗೆ ಕಣ್ಣೀರು ಹಾಕುವ ನಮ್ಮ ಭಕ್ತರು ಪ್ರತಿ ವರ್ಷ ಸಂತನಿಗೆ ಹೊಸದೊಂದು ಮಖಮಲ್ಲಿನ ಹೊದಿಕೆ ಕೊಡುತ್ತಾರೆ. ಇಡಿಯದು. ಕುದುರೆಯ ಬೆನ್ನು ದಾಟಿ ಬಾಲದವರೆಗೆ ಇಳಿಬಿಡುವಂಥದು, ಒಳಗೆ ಅಲ್ಪಾಕಾ ಉಣ್ಣೆಯ ಅಸ್ತರು. ಭಿಕ್ಷುಕನಿಗೆ ಇದುವರೆಗೆ ಯಾರೂ ಒಂದು ಕರವಸ್ತ್ರವನ್ನೂ ಕೊಟ್ಟಿಲ್ಲ. ಅವನಿಗೆ ವರ್ಷಕ್ಕೊಮ್ಮೆ ವಾರ್ನಿಷ್ ಬಳಿಯುತ್ತಾರೆ.

ಹೊದಿಕೆಯ ಅಂಚಿನಲ್ಲಿ ಕೊಟ್ಟವರ ಹೆಸರು ಇರಲೇಬೇಕು. ಬಂಗಾರದ ದಾರದಲ್ಲಿ, ಅಂಗೈಯಗಲದ ಅಕ್ಷರಗಳಲ್ಲಿ, ಇಂಥ ಕುಟುಂಬದ ಭಕ್ತಿಯ ಕಾಣಿಕೆ, ಇಂಥ ವರ್ಷ ಎಂದು. ಸಂತನಿಗೆ ಓದಲು ಕಷ್ಟವಾಗಬಾರದಲ್ಲ. ಹೊದಿಕೆಯನ್ನೂ ಈ ಅಕ್ಷರಗಳನ್ನೂ ಹೊಲಿಯುವವಳು ಹಿಲಾರಿಯಾಳೇ. ಹಬ್ಬ ಮುಗಿದು, ಮುಂದಿನ ವರ್ಷ ಹೊಸತು ಬಂದ ಮೇಲೆ ಹಳೆಯದು ಕರ್ಪೂರದ ಉಂಡೆಗಳ ಜೊತೆ ಪೂಜಾಸಾಮಗ್ರಿಯ ಕೋಣೆಯ ದೇವದಾರು ಪೆಟ್ಟಿಗೆಗೆ ಹೋಗುತ್ತದೆ. ಹಾಗೆ ಹೋದವು ಈಗ ನಲವತ್ತೊಂದು. ಪೆಟ್ಟಿಗೆಯ ಬೀಗದ ಕೈ ಅವಳ ಸೊಂಟದಲ್ಲಿ ಇರುತ್ತದೆ.

ನಮ್ಮವರು ಬಡವರನ್ನು ಮರೆತಿದ್ದಾರೆ ಎಂದು ಯಾರೂ ತಿಳಿಯಬಾರದು. ಸಂತನ ಹಬ್ಬ ನವೆಂಬರ್ ಹನ್ನೊಂದಕ್ಕೆ. ಅಂದು ಬಲಿಪೂಜೆ ಮುಗಿದ ಮೇಲೆ ಸಂತನ ಹಬ್ಬ ನಡೆಸುವ ಸೋದರಕೂಟದವರು ಚೌಕದಲ್ಲಿ ಸಾಲು ಹಚ್ಚಿಸಿ ಬಡವರಿಗೆ ಕಂಬಳಿ ಹಂಚುತ್ತಾರೆ, ಫೋಟೋ ತೆಗೆಸುತ್ತಾರೆ. ಸಂತನ ನಾಡಿನಲ್ಲಿ ನವೆಂಬರ್ ಎಂದರೆ ಚಳಿ ಶುರುವಾಗುವ ಕಾಲವಂತೆ. ಪೊತೊಸಿ ನಗರದಿಂದ ನಾಲ್ಕು ಗಂಟೆ ಬಸ್ಸಿನ ದಾರಿಯ ನಮ್ಮ ಪ್ರಸ್ಥಭೂಮಿಯಲ್ಲಿ ನವೆಂಬರ್ ಎಂದರೆ ನೆತ್ತಿ ಸುಡುವ ಬಿಸಿಲು. ಬಡವರು ಹೆಗಲ ಮೇಲೆ ಕಂಬಳಿ ಹೊತ್ತು, ಬೆವರೊರೆಸಿಕೊಂಡು, ಫೋಟೋಕ್ಕೆ ನಿಂತು, ಕ್ರಿಸ್ಮಸ್ಸಿಗೆ ಮೊದಲೇ ಅದನ್ನು ಮಾರಿ ಎಣ್ಣೆ ಅಕ್ಕಿ ತರುತ್ತಾರೆ. ಕೊಡದ ನೀರು ಕೊಡದಲ್ಲೇ ಮಂಜುಗಡ್ಡೆಯಾಗುವುದು ಜೂನ್ ಜುಲೈಯಲ್ಲಿ. ಆಗ ಕಂಬಳಿ ಇರುವುದಿಲ್ಲ.

ಒಮ್ಮೆ ಫಾದರ್ ಎಲಿಸೆಯೊ ಮೆಲ್ಲಗೆ ಕೇಳಿ ನೋಡಿದ್ದರು, ಇದನ್ನು ಜೂನ್‌ಗೆ ತಂದರಾಗದೇ ಎಂದು. ಸೋದರಕೂಟದ ಅಧ್ಯಕ್ಷ ದೊನ್ ಅದಾಲ್ಬೆರ್ತೊ ಸುಬಿಯೆತಾ ಗಾಬರಿಯಾದ. ಚೌಕದ ಮೂಲೆಯಲ್ಲಿರುವ ಸಿಮೆಂಟು ಕಬ್ಬಿಣದ ಅಂಗಡಿ ಇವನದೇ, ಊರವರು ದೊನ್ ಎಂದರೆ ಯಜಮಾನರೇ ಎಂದ ಹಾಗೆ. ಜೂನ್‌ನಲ್ಲಿ ಬರುವುದು ಸಂತ ಹುವಾನನ ಹಬ್ಬ, ಆ ಸಂತ ಕೆಳಕೇರಿಯವರ ಪಾಲಿನವನು, ನಮ್ಮ ಕಂಬಳಿ ಕೊಟ್ಟು ಅವರ ಸಂತನಿಗೆ ಹೆಸರು ತರುವುದೇ ಎಂದು ಅವನ ಪ್ರಶ್ನೆ. ಫಾದರ್ ಆಮೇಲೆ ಆ ಮಾತೆತ್ತಲಿಲ್ಲ. ಚರ್ಚಿನ ಚಾವಣಿಯ ತಗಡು ಬದಲಾಯಿಸಲು ಅವರಿಗೆ ಸುಬಿಯೆತಾ ಬೇಕಿತ್ತು.

ಹಿಲಾರಿಯಾ ಬಾಡಿಗೆಗಿರುವ ವಠಾರದಲ್ಲಿ, ಅಂಗಳದ ಆಚೆಯ ಕೋಣೆಯಲ್ಲಿ ನಿಕಾನೋರ್ ತಾತ ಇದ್ದಾನೆ. ಇಬ್ಬರದೂ ಒಂದೇ ಹಳ್ಳಿ. ತಾತ ಹಮಾಲಿ. ಐವತ್ತು ವರ್ಷ ಲಾರಿಯಿಂದ ಅಂಗಡಿಗೆ ಮೂಟೆ ಹೊತ್ತ, ಹೆಚ್ಚಿನವು ಸುಬಿಯೆತಾ ಅಂಗಡಿಯ ಸಿಮೆಂಟು ಮೂಟೆಗಳು. ಈಗ ಆ ಸಿಮೆಂಟಿನಲ್ಲಿ ಸ್ವಲ್ಪ ಅವನ ಎದೆಯೊಳಗಿದೆ. ಹೋದ ಜೂನ್ ಮೊದಲ ವಾರ ಕೆಮ್ಮಿ ಕೆಮ್ಮಿ ಕುಸಿದು ಕೂತಾಗ ಹಿಲಾರಿಯಾ ಅವನನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ನರ್ಸಮ್ಮ ಮಾತ್ರೆ ಕೊಟ್ಟು, ಎದೆ ಬೆನ್ನು ಬೆಚ್ಚಗಿರಬೇಕು, ಇನ್ನೊಂದು ಸಲ ಚಳಿ ಹೊಕ್ಕರೆ ಈ ಶ್ವಾಸಕೋಶ ತಡೆಯುವುದಿಲ್ಲ ಎಂದಳು. ತಾತನ ಹತ್ತಿರ ಇದ್ದದ್ದು ತಲೆ ತೂರಿಸಿ ತೊಡುವ ಒಂದು ತೂತುಬಿದ್ದ ಪೊಂಚೊ. ನವೆಂಬರ್ ಕಂಬಳಿ ಅವನಿಗಿಲ್ಲ. ಸಾಲಿನಲ್ಲಿ ನಿಲ್ಲು ಎಂದರೆ, ಹೊರುವುದಕ್ಕೆ ಕರೆದರೆ ಬರುತ್ತೇನೆ, ಕೈಯೊಡ್ಡುವುದಕ್ಕಲ್ಲ ಎನ್ನುತ್ತಿದ್ದ. ಹಿಲಾರಿಯಾ ತನ್ನೆರಡು ಕಂಬಳಿಗಳಲ್ಲಿ ಒಂದನ್ನು ಕೊಟ್ಟಳು. ಸಾಲಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಅವನ ತುಟಿ ನೇರಳೆ ಜೋಳದ ಅಂಬಲಿಯ ಬಣ್ಣಕ್ಕೆ ತಿರುಗಿತ್ತು.

ಅವಳು ಮೊದಲು ನ್ಯಾಯವಾಗಿಯೇ ಕೇಳಿದಳು. ಪೆಟ್ಟಿಗೆಯಿಂದ ಒಂದು ಹಳೆಯ ಹೊದಿಕೆ ಕೊಡಿ, ಚಳಿ ಕಳೆದ ಮೇಲೆ ತೊಳೆದು ತಂದಿಡುತ್ತೇನೆ ಎಂದಳು. ಅರ್ಜಿ ಬರೆದುಕೊಡು ಎಂದ ಸುಬಿಯೆತಾ. ಬರೆಸಿ ಕೊಟ್ಟಳು. ಸಭೆ ಸೇರಿದಾಗ ನೋಡೋಣ ಎಂದ. ಸಭೆ ಇದ್ದದ್ದು ಆಗಸ್ಟಿನಲ್ಲಿ. ಫಾದರ್ ಬಳಿ ಹೋದಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿ, ಸಂತ ಮಾರ್ತಿನನಾಗಿದ್ದರೆ ಏನು ಮಾಡುತ್ತಿದ್ದ ಎಂದು ನಿನಗೂ ಗೊತ್ತು ನನಗೂ ಗೊತ್ತು ಮಗಳೇ, ಆದರೆ ನಾನು ಹೇಳಿದೆ ಎಂದು ಎಲ್ಲಿಯೂ ಹೇಳಬೇಡ ಎಂದರು.

ಮರುದಿನ ಪ್ರತಿಮೆಯ ಧೂಳು ಒರೆಸಲು ಹೋದವಳು ಪೆಟ್ಟಿಗೆಯ ತಳದಿಂದ ಒಂದು ಕಡುಗೆಂಪು ಹೊದಿಕೆ ತೆಗೆದು ಗಂಟು ಕಟ್ಟಿದಳು. ಅವಳು ತೊಡಿಸುವ ಕೆಲಸಕ್ಕೆ ಬರುವ ಮೊದಲಿನದು, ಸುಬಿಯೆತಾನ ಅಪ್ಪ ಕೊಟ್ಟದ್ದು. ಅದನ್ನೇ ಆರಿಸಿದ್ದಕ್ಕೆ ದುರುದ್ದೇಶವೇನೂ ಇರಲಿಲ್ಲ. ಅದರ ಉಣ್ಣೆ ಎಲ್ಲಕ್ಕಿಂತ ದಪ್ಪ. ಆ ಕಾಲದವರು ಕನಿಷ್ಠ ಅಸ್ತರಿನಲ್ಲಿ ಮೋಸ ಮಾಡುತ್ತಿರಲಿಲ್ಲ. ಹೆಸರು ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ಹೆಸರಿದ್ದರೆ ಎರವಲು, ಬಿಚ್ಚಿದರೆ ಕಳವು ಎಂದು ಅವಳ ಲೆಕ್ಕ. ತಾತನಿಗೆ ಮಖಮಲ್ಲು ಒಳಗೆ, ಅಸ್ತರು ಹೊರಗೆ ಮಾಡಿ ಹೊದಿಸಿ, ಹೀಗೇ ಹೊದಿಯಬೇಕು ಎಂದಳು. ಎಲ್ಲಿಯದು ಎಂದು ಅವನು ಕೇಳಿದ. ಚರ್ಚಿನಲ್ಲಿ ಹಳೆಯದು ಬಿದ್ದಿತ್ತು ಎಂದಳು.

ಒಂದು ವಾರ ತಾತ ಕೆಮ್ಮದೆ ಮಲಗಿದ. ಆದರೆ ಜೀವಮಾನದಲ್ಲಿ ಮೊದಲ ಸಲ ಮಖಮಲ್ಲು ಸಿಕ್ಕಿದವನಿಗೆ ಅದು ಒಳಗಡೆ ಇರುವುದನ್ನು ಸಹಿಸಲಾಗಲಿಲ್ಲ. ಭಾನುವಾರ ಬಿಸಿಲು ಕಾಯಿಸಿಕೊಳ್ಳಲು ಚರ್ಚಿನ ಮೆಟ್ಟಿಲಿಗೆ ಹೋಗುವಾಗ ಮಗುಚಿ ಹೊದ್ದ. ಅವನಿಗೆ ಓದು ಬಾರದು. ಬೆನ್ನಿನ ಮೇಲೆ ‘ಸುಬಿಯೆತಾ ಕುಟುಂಬದ ಭಕ್ತಿಯ ಕಾಣಿಕೆ’ ಎಂದು ಬಂಗಾರದಲ್ಲಿ ಹೊಳೆಯುತ್ತಿತ್ತು. ಪೂಜೆಗೆ ಬಂದವರೆಲ್ಲ ಓದಿದರು. ಎರಡು ಮೂರು ಜನ ನಕ್ಕರು. ಅದಾಲ್ಬೆರ್ತೊವಿನ ಹೆಂಡತಿ ದೊನ್ಯಾ ಬಲ್ಬಿನಾ ನಗಲಿಲ್ಲ.

ಆಗಸ್ಟಿನಲ್ಲಿ ಸೇರಬೇಕಿದ್ದ ಸಭೆ ಪೂಜೆ ಮುಗಿದ ಅರ್ಧ ಗಂಟೆಗೆ ಸೇರಿತು. ಬಡವನ ಅರ್ಜಿಗಿಲ್ಲದ ಅವಸರ ಹೆಸರಿಗಿರುತ್ತದೆ. ಹಿಲಾರಿಯಾಳನ್ನು ನಿಲ್ಲಿಸಿಕೊಂಡು ಕೇಳಿದರು.

“ಸಂತನಿಗೆ ಕೊಟ್ಟಿದ್ದು ಸಂತನದು, ಹಿಲಾರಿಯಾ. ನಂದೂ ಅಲ್ಲ, ನಿಂದೂ ಅಲ್ಲ,” ಎಂದ ಸುಬಿಯೆತಾ.

“ಹೌದು ದೊನ್. ಅದಕ್ಕೇ ಸಂತನ್ನೇ ಕೇಳ್ದೆ.”

“ಏನಂದ?”

“ಕೈಲಿ ಕತ್ತಿ ಹಿಡ್ಕೊಂಡಿದ್ದ. ಬೇಡ ಅನ್ಲಿಲ್ಲ.”

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಸುಬಿಯೆತಾ ಕೆಂಪಾದ.

“ತಮಾಷೆ ಮಾಡ್ಬೇಡ. ನಮ್ಮಪ್ಪನ ಹೆಸರು ಆ ಹಮಾಲಿ ಬೆನ್ನ ಮೇಲೆ! ಊರೋರು ಏನಂದ್ಕೋತಾರೆ?”

“ನಿಮ್ಮಪ್ಪನ ಸಿಮೆಂಟು ಅದೇ ಬೆನ್ನ ಮೇಲೇ ಬರ್ತಿತ್ತಲ್ಲ ದೊನ್. ಆವಾಗ ಊರೋರು ಏನೂ ಅಂದ್ಕೊಂಡಿಲ್ಲ.”

ಆಮೇಲೆ ತೀರ್ಮಾನವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬುಧವಾರದೊಳಗೆ ಹೊದಿಕೆ ಪೆಟ್ಟಿಗೆಗೆ ಬರಬೇಕು. ಬೀಗದ ಕೈ ಈಗಲೇ ಕೊಡಬೇಕು. ನಿಕಾನೋರನ ಕಷ್ಟ ಕೂಟದ ಗಮನಕ್ಕೆ ಬಂದಿದೆ, ಅವನ ಹೆಸರನ್ನು ನವೆಂಬರ್ ಕಂಬಳಿಯ ಪಟ್ಟಿಗೆ ಸೇರಿಸಲಾಗಿದೆ. ಆ ಕಂಬಳಿ ಈಗಲೇ ಕೊಡಿ ಎಂದು ಹಿಲಾರಿಯಾ ಕೇಳಿದಳು. ಕಂಬಳಿಗಳು ನಗರದಿಂದ ಬರುವುದೇ ಅಕ್ಟೋಬರಿನಲ್ಲಿ ಎಂದರು. ಅವಳು ಬೀಗದ ಕೈ ಮೇಜಿನ ಮೇಲಿಟ್ಟಳು. ಹಾಗಾದರೆ ಈ ವರ್ಷದ ಹೊದಿಕೆಗೆಂದು ಕೊಟ್ಟ ನೀಲಿ ಮಖಮಲ್ಲು ನನ್ನ ಮನೆಯಲ್ಲಿದೆ, ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ, ಬೀಗದ ಕೈ ಇಲ್ಲದ ಮೇಲೆ ಹೊಲಿಗೆಯೂ ಬೇರೆಯವರದೇ ಆಗಲಿ ಎಂದಳು. ಬೆದರಿಕೆ ಹಾಕುವಷ್ಟು ಚತುರೆ ಅವಳಲ್ಲ. ಪರರ ಬಟ್ಟೆ ತನ್ನಲ್ಲಿದೆ, ಒಪ್ಪಿಸಬೇಕು, ಅಷ್ಟೇ.

ಆದರೆ ಆ ನೀಲಿ ಮಖಮಲ್ಲು ಬಲ್ಬಿನಾಳ ಹರಕೆ. ಮಾರ್ಚಿನಲ್ಲಿ ಸುಕ್ರೆಯ ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆಸಿಕೊಂಡಾಗ ಹೊತ್ತದ್ದು. ಹರಕೆ ಹೊತ್ತವರು ಹಬ್ಬದೊಳಗೆ ಒಪ್ಪಿಸದಿದ್ದರೆ ಸಂತ ಮಾರ್ತಿನ ವಾಸಿಮಾಡಿದ ರೋಗವನ್ನು ಬಡ್ಡಿ ಸಮೇತ ಮರಳಿಸುತ್ತಾನೆ ಎಂಬುದು ನಮ್ಮೂರಲ್ಲಿ ಪವಿತ್ರ ಗ್ರಂಥದ ವಾಕ್ಯಕ್ಕಿಂತ ಗಟ್ಟಿಯಾದ ನಂಬಿಕೆ. ಕುದುರೆಯ ಮೇಲಿನ ಸಂತನ ಕೈ ಕಳಚಿ, ಭುಜದ ಅಳತೆ ಹಿಡಿದು ಹೊಲಿಯಬಲ್ಲವಳು ಈ ಸುತ್ತಿನಲ್ಲಿ ಒಬ್ಬಳೇ. ಬಲ್ಬಿನಾ ಸಭೆ ಮುಗಿಯುವವರೆಗೂ ಬಲಪಕ್ಕೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು.

ಸುದ್ದಿ ತಾತನಿಗೆ ತಲುಪಿತು. ಅವನು ಹೊದಿಕೆಯನ್ನು ನೀಟಾಗಿ ಮಡಿಸಿ ಹಿಲಾರಿಯಾಳ ಹೊಸ್ತಿಲ ಮೇಲಿಟ್ಟ. ತಗೊಂಡು ಹೋಗು ತಾತ, ಬುಧವಾರದವರೆಗೆ ಹೊದ್ಕೋ ಎಂದು ಅವಳು ಬೇಡಿಕೊಂಡಳು.

“ಬೀದಿಲಿ ಬಿದ್ದಿದ್ದು ಅಂದಿದ್ರೂ ಹೊದೀತಿದ್ದೆ. ಸುಬಿಯೆತಾದು ಅಂತ ಮೊದ್ಲೇ ಹೇಳ್ಬಾರ್ದಿತ್ತೇನೇ?” ಎಂದು ಅವನು ಬಾಗಿಲು ಹಾಕಿಕೊಂಡ.

ಸೋಮವಾರ ಅವನು ಎದ್ದು ಅಂಗಳಕ್ಕೆ ಬರಲಿಲ್ಲ. ಮಂಗಳವಾರ ಅವಳು ಕೊಟ್ಟ ಬಿಸಿ ಅಂಬಲಿಯ ಲೋಟ ಹಿಡಿಯಲಾಗದೆ ಚೆಲ್ಲಿದ. ಅವನ ಎದೆಯ ಗೊರಗೊರ ಅಂಗಳದ ಈಚೆಗೆ ಕೇಳುತ್ತಿತ್ತು. ಹೊದಿಕೆ ಹಿಲಾರಿಯಾಳ ಹೊಲಿಗೆ ಯಂತ್ರದ ಮೇಲೆ ಮಡಿಸಿದಂತೆಯೇ ಇತ್ತು. ಅವಳೂ ಅದನ್ನು ಮುಟ್ಟಲಿಲ್ಲ. ಇಬ್ಬರು ಮರ್ಯಾದಸ್ಥರು ಒಂದು ಅಂಗಳದ ಎರಡು ಕಡೆ ನಡುಗುತ್ತ ಕೂತಿದ್ದರು, ನಡುವೆ ಪುಷ್ಕಳವಾದ ಉಣ್ಣೆ.

ಬುಧವಾರ ಬೆಳಿಗ್ಗೆ ಶಾಲು ಮುಚ್ಚಿಕೊಂಡು ಬಂದವಳು ಬಲ್ಬಿನಾ. ಕೂರು ಎಂದರೂ ಕೂರಲಿಲ್ಲ.

“ನಿನ್ನ ಬಿಟ್ಟು ಯಾರ ಹತ್ರ ಹೊಲಿಸ್ಲೇ ನಾನು? ಹೊಟ್ಟೆ ಮತ್ತೆ ಹಿಡ್ಕೊಂಡ್ರೆ ನೀನು ಬರ್ತೀಯಾ ಸುಕ್ರೆಗೆ?”

“ತಾತನಿಗೆ ಎದೆ ಹಿಡ್ಕೊಂಡಿದೆ ದೊನ್ಯಾ.”

ಬಲ್ಬಿನಾ ಅಂಗಳದ ಆಚೆಯ ಸದ್ದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಶಾಲಿನೊಳಗಿಂದ ಬೀಗದ ಕೈ ತೆಗೆದು ಯಂತ್ರದ ಮೇಲಿಟ್ಟಳು.

“ಹೊದಿಕೆ ಅವನೇ ಇಟ್ಕೊಳ್ಲಿ ಬಿಡು. ಹೆಸರು ಮಾತ್ರ ಬಿಚ್ಚಿಬಿಡು. ಮಾವ ಬದುಕಿದ್ದಿದ್ರೆ ನನ್ನ ಕೊಂದೇಬಿಡೋರು.”

ಹಿಲಾರಿಯಾ ಅಲ್ಲೇ ಕೂತು ಕತ್ತರಿಯ ತುದಿಯಿಂದ ಒಂದೊಂದೇ ಅಕ್ಷರ ಬಿಚ್ಚಿದಳು. ಬಲ್ಬಿನಾ ಕಡೆಯ ಅಕ್ಷರದವರೆಗೂ ನಿಂತಿದ್ದು, ಬಂಗಾರದ ದಾರವನ್ನು ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋದಳು. ದಾನದಲ್ಲಿ ಕೊಟ್ಟವರಿಗೆ ಬೇಕಾದ ಭಾಗ ಎಷ್ಟು ಎಂಬುದನ್ನು ಅಷ್ಟು ಕರಾರುವಾಕ್ಕಾಗಿ ತೂಗಿ ತೋರಿಸಿದ್ದನ್ನು ನಮ್ಮೂರು ಇನ್ನೆಂದೂ ಕಂಡಿಲ್ಲ. ಸೋದರಕೂಟದ ಪುಸ್ತಕದಲ್ಲಿ, ಒಂದು ಹಳೆಯ ಹೊದಿಕೆ ನುಸಿ ತಿಂದು ಹಾಳಾದ್ದರಿಂದ ವಿಲೇವಾರಿ ಮಾಡಲಾಯಿತು ಎಂದು ಬರೆಯಲಾಯಿತು. ಪೆಟ್ಟಿಗೆಗೆ ಈಗ ಎರಡು ಬೀಗ. ಎರಡನೆಯದರ ಕೈ ಅದಾಲ್ಬೆರ್ತೊವಿನ ಅಂಗಡಿಯಲ್ಲಿದೆ.

ತಾತನನ್ನು ಒಪ್ಪಿಸುವುದು ಬಲ್ಬಿನಾಳನ್ನು ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು. ಹೆಸರಿಲ್ಲದ ಅಂಚನ್ನು ಅವನ ಬೆರಳಿಗೆ ಮುಟ್ಟಿಸಿ, ಸೂಜಿಯ ತೂತುಗಳನ್ನು ತೋರಿಸಿ, ಇದು ಈಗ ಯಾರದೂ ಅಲ್ಲ ಎಂದು ಹಿಲಾರಿಯಾ ಆಣೆ ಮಾಡಿದಳು. ಯಾರದೂ ಅಲ್ಲದ್ದು ಲೋಕದಲ್ಲಿಲ್ಲ ಎಂದು ಅವನು ಗೊಣಗಿದ. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ವಾದ ನಿಲ್ಲಿಸಿ ಹೊದಿಸಿಯೇಬಿಟ್ಟಳು.

ಜುಲೈ ನಡುವಿನಲ್ಲಿ, ನೀರು ಹೆಪ್ಪುಗಟ್ಟಿ ಕೊಳವೆಗಳು ಒಡೆದ ವಾರ, ಹಿಲಾರಿಯಾ ಅವನನ್ನು ಮತ್ತೆ ಆರೋಗ್ಯ ಕೇಂದ್ರಕ್ಕೆ ನಡೆಸಿಕೊಂಡು ಹೋದಳು. ನಡೆದೇ ಹೋದ. ನರ್ಸಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಪರವಾಗಿಲ್ಲ, ಈ ಚಳಿ ದಾಟುತ್ತೀಯ ಎಂದಳು. ಕಡುಗೆಂಪು ಮಖಮಲ್ಲನ್ನು ಕೈಯಲ್ಲಿ ಸವರಿ, ಒಳಗಿನ ಉಣ್ಣೆ ಮುಟ್ಟಿ ನೋಡಿದಳು.

“ಎಲ್ಲಿಂದ ಬಂತು ತಾತ ಇಂಥದು? ದಾನಕ್ಕೆ ಸಿಕ್ತಾ?”

“ಕೊಂಡಿದ್ದು,” ಎಂದ ನಿಕಾನೋರ್.

ಹಿಲಾರಿಯಾ ಗೋಡೆಯ ಮೇಲಿನ ಲಸಿಕೆಯ ಪಟದ ಕಡೆಗೆ ತಿರುಗಿದಳು.

“ಅಬ್ಬಾ. ಎಷ್ಟು ಬಿತ್ತು?”

ತಾತ ಅಂಗಿಯ ಗುಂಡಿ ಹಾಕಿಕೊಂಡ, ಹೊದಿಕೆಯನ್ನು ಎರಡೂ ಹೆಗಲಿಗೆ ಎಳೆದುಕೊಂಡ.

“ದುಬಾರಿ,” ಎಂದ. “ಬಹಳ ದುಬಾರಿ ಬಿತ್ತು ಕಣಮ್ಮ.”