ಎಣ್ಣೆ ತಲೆಯಲ್ಲಿ ಸೀತಮ್ಮನ ದೊಣೆಗೆ

ತಲೆಗೆ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕುಳಿತ ಮನುಷ್ಯನಿಗೆ ಯಾವ ಅಂತಸ್ತೂ ಇರುವುದಿಲ್ಲ. ಕಚೇರಿಯಲ್ಲಿ ಹತ್ತು ಜನರನ್ನು ನಡುಗಿಸುವ ಸಾಹೇಬರಾಗಲಿ, ಅವರ ಮುಂದೆ ನಡುಗುವ ನನ್ನಂಥ ಗುಮಾಸ್ತನಾಗಲಿ, ಹಳೆಯ ಪಂಚೆಯ ತುಂಡೊಂದನ್ನು ಸುತ್ತಿಕೊಂಡು, ಹಣೆಯಿಂದ ಇಳಿಯುವ ಎಣ್ಣೆ ಕಣ್ಣಿಗೆ ಹೋಗದಂತೆ ಹುಬ್ಬು ಗಂಟಿಕ್ಕಿ ಕುಳಿತರೆ ಇಬ್ಬರೂ ಒಂದೇ. ಇಂಥವನು ಏನನ್ನೂ ತಿನ್ನುವಂತಿಲ್ಲ, ಮಲಗುವಂತಿಲ್ಲ, ಗೋಡೆಗೆ ಒರಗುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಬೀದಿಗೆ ಇಳಿಯುವಂತಿಲ್ಲ. ಎಲ್ಲಿಗೋ ಹೊರಟವರಿಗೆ ಎಣ್ಣೆ ತಲೆಯವನು ಎದುರಾದರೆ ಹೋದ ಕೆಲಸ ಕೆಟ್ಟಿತೆಂದು ಶಕುನ ಬಲ್ಲವರು ಹೇಳುತ್ತಾರೆ. ಬೆಕ್ಕಾದರೆ ಅಡ್ಡ ಹಾಯ್ದು ತನ್ನ ಪಾಡಿಗೆ ಹೋಗಿಬಿಡುತ್ತದೆ. ಎಣ್ಣೆ ತಲೆಯವನು ಹಾಗಲ್ಲ, ಅಲ್ಲೇ ನಿಂತು ದಾರಿ ಕೇಳಿದರೂ ಕೇಳಬಹುದು. ಹಾಗೆ ಕೇಳಿದವನು ನಾನು. ಆದ್ದರಿಂದ ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಆಗ ನಾವು ಚಾಮರಾಜಪೇಟೆಯ ವಠಾರ ಬಿಟ್ಟು ಜಯನಗರಕ್ಕೆ ಬಂದ ಹೊಸತು. ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ ಶಾರದೆ. ಈಗಿನವರಿಗೆ ನಂಬಿಕೆ ಬರುವುದು ಕಷ್ಟ. ಜಯನಗರದಲ್ಲಿ ಮನೆ ಕಟ್ಟಿಸಿದ್ದೇನೆ ಎಂದರೆ ಆ ಕಾಲದಲ್ಲಿ ಜನ ಕನಿಕರದಿಂದ ನೋಡುತ್ತಿದ್ದರು. ರಸ್ತೆಗಳಿದ್ದವು, ರಸ್ತೆಯ ಪಕ್ಕದಲ್ಲಿ ನಂಬರು ಬರೆದ ಕಲ್ಲುಗಳಿದ್ದವು, ಕಲ್ಲುಗಳ ನಡುವೆ ಹುಲ್ಲಿತ್ತು, ಹುಲ್ಲಿನಲ್ಲಿ ಹಸುಗಳಿದ್ದವು. ನಮ್ಮ ಬೀದಿಯಲ್ಲಿ ನಮ್ಮದನ್ನು ಬಿಟ್ಟರೆ ಮೂರೇ ಮನೆ. ವಠಾರದಲ್ಲಿ ಪಕ್ಕದ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ಇಲ್ಲಿ ನಾನೇ ಸೀನಿದರೂ ಕೇಳುವವರಿರಲಿಲ್ಲ. ಶಾರದೆಗೆ ಒಂಟಿತನ ಕಾಡಿತ್ತೇನೋ. ಆ ವರ್ಷದ ದೀಪಾವಳಿಗೆ ಅಪ್ಪ ಇಲ್ಲಿಗೇ ಬರಲಿ ಎಂದು ಹಟ ಹಿಡಿದಳು.

ಮಾವನವರು ಕಾವೇರಿ ತೀರದವರು. ಹುಟ್ಟಿದಾಗಿನಿಂದ ಹೊಳೆಯಲ್ಲೇ ಸ್ನಾನ. ಒಂದು ಊರಿನ ಯೋಗ್ಯತೆಯನ್ನು ಅಲ್ಲಿನ ನೀರಿನಿಂದ ಅಳೆಯುವುದು ಅವರ ಪದ್ಧತಿ. ಮೈ ಮುಳುಗುವಷ್ಟು ನೀರಿಲ್ಲದ ಊರು ಅವರ ಲೆಕ್ಕದಲ್ಲಿ ಊರೇ ಅಲ್ಲ, ಬಿಡಾರ. ಬೆಂಗಳೂರಿನ ನಲ್ಲಿಯ ಮೇಲೆ ಅವರಿಗಿದ್ದ ತಾತ್ಸಾರ ಅಷ್ಟಿಷ್ಟಲ್ಲ. ಆ ದಸರಾ ರಜೆಯಲ್ಲಿ ನಾನು ಅವರ ಊರಿಗೆ ಹೋಗಿದ್ದಾಗ, ಅವರು ನಡುಹೊಳೆಯಲ್ಲಿ ಆರಾಮವಾಗಿ ತೇಲುತ್ತ, ದಡದ ಬಂಡೆಯೊಂದನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತಿದ್ದ ನನ್ನನ್ನು ನೋಡಿ, “ಪಾಪ, ನಿಮ್ಮೂರಲ್ಲಿ ಚೊಂಬಿನಲ್ಲಿ ಎಷ್ಟು ನೀರು ಹಿಡಿಯತ್ತೋ ಅಷ್ಟೇ ಸ್ನಾನ ಅಲ್ವೇ ಅಳಿಯಂದಿರೇ?” ಎಂದರು.

ಈಜು ಬಾರದವನಿಗೆ ರೋಷಕ್ಕೇನೂ ಕಡಿಮೆಯಿರುವುದಿಲ್ಲ. “ಯಾಕೆ, ನಮ್ಮಲ್ಲಿ ಸೀತಮ್ಮನ ದೊಣೆ ಇದೆಯಲ್ಲ! ಎರಡಾಳು ಆಳ. ನಾನು ಭಾನುವಾರ ಭಾನುವಾರ ಅಲ್ಲಿಗೇ ಹೋಗೋದು,” ಎಂದುಬಿಟ್ಟೆ.

ಸೀತಮ್ಮನ ದೊಣೆಯ ವಿಷಯ ನನಗೆ ಹೇಳಿದವನು ನಮಗೆ ಹಾಲು ಹಾಕುತ್ತಿದ್ದವನು. ಪುಟ್ಟೇನಹಳ್ಳಿಯ ಆಚೆ ಬಂಡೆಗಳ ನಡುವೆ ಒಂದು ದೊಣೆಯಿದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ, ವನವಾಸದಲ್ಲಿ ಸೀತಮ್ಮ ಅಲ್ಲಿ ತಲೆಗೆ ನೀರು ಹಾಕಿಕೊಂಡಳಂತೆ, ಅಲ್ಲಿ ಮಿಂದವರಿಗೆ ಮನಸ್ಸಿನ ಭಾರ ಇಳಿಯುತ್ತದಂತೆ. ಇಷ್ಟೇ ನನಗೆ ಗೊತ್ತಿದ್ದದ್ದು. ಎರಡಾಳು ಆಳ ನಾನು ಸೇರಿಸಿದ್ದು. ಭಾನುವಾರವೂ ನಾನು ಸೇರಿಸಿದ್ದೇ. ನಮ್ಮ ನಾಡಿನಲ್ಲಿ ಸೀತೆ ಮಿಂದ ಜಾಗಗಳನ್ನೆಲ್ಲ ನಂಬುವುದಾದರೆ ಆ ಮಹಾತಾಯಿಗೆ ಹದಿನಾಲ್ಕು ವರ್ಷವೂ ಕೂದಲು ಒಣಗಿರಲಾರದು. ಗುಡ್ಡದಲ್ಲಿ ನೀರು ಕಂಡರೆ ಸೀತೆ, ದೊಡ್ಡ ಗುಂಡು ಕಂಡರೆ ಭೀಮ. ಇದು ನಮ್ಮ ಜನರ ಪುರಾತತ್ವ ಶಾಸ್ತ್ರ. ಅದರಲ್ಲಿ ತಪ್ಪೇನೂ ಇಲ್ಲ. ತಾವು ಮೀಯುವ ನೀರಿನಲ್ಲಿ ದೊಡ್ಡವರೂ ಮಿಂದಿದ್ದರು ಎಂದುಕೊಂಡರೆ ಚಳಿ ಸ್ವಲ್ಪ ಕಡಿಮೆಯಾಗುತ್ತದೆ.

ಮಾವನವರು ಬಂದರು. ನೀರು ತುಂಬುವ ಹಬ್ಬದ ದಿನ ಶಾರದೆ ತಾಮ್ರದ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಫಳಫಳ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕಂಠಕ್ಕೆ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡಿದಳು. ಮಾರನೆಯ ಬೆಳಗ್ಗೆ ನರಕ ಚತುರ್ದಶಿ. ಮೂವರಿಗೂ ಎಣ್ಣೆಶಾಸ್ತ್ರವಾಯಿತು. ಶಾರದೆ ಅಪ್ಪನ ತಲೆಗೆ ಎಣ್ಣೆ ತಟ್ಟುತ್ತ ನಗುತ್ತಿದ್ದುದನ್ನು ನೋಡಿ, ಈ ಮನೆಯಲ್ಲಿ ಅವಳ ನಗು ಕೇಳಿ ಬಹಳ ದಿನವಾಯಿತಲ್ಲ ಎನ್ನಿಸಿತು. ಆಮೇಲೆ ಅವಳು ಒಲೆಗೆ ಉರಿ ಮಾಡಲು ಬಚ್ಚಲಿಗೆ ಹೋದಳು. ನಗು ನಿಂತಿತು. ಮನೆ ಬದಲಾಯಿಸುವಾಗ ಎತ್ತಿನ ಗಾಡಿಯಿಂದ ಬಿದ್ದು ತಗ್ಗಾಗಿದ್ದ ಹಂಡೆ, ಆ ತಗ್ಗಿನಲ್ಲಿ ಬಿರುಕು ಬಿಟ್ಟು, ರಾತ್ರಿಯೆಲ್ಲ ಸೋರಿತ್ತು. ಹೊರಗಡೆ ಪಟ್ಟೆ, ಬಳ್ಳಿ, ಅರಿಶಿನ ಕುಂಕುಮ ಎಲ್ಲ ಇತ್ತು. ಒಳಗೆ ಮಾತ್ರ ಏನೂ ಇರಲಿಲ್ಲ. ನಲ್ಲಿ ತಿರುಗಿಸಿದೆ, ಅದು ಒಂದು ಸಲ ಕೆಮ್ಮಿ ಸುಮ್ಮನಾಯಿತು. ನೆರೆಯ ಮನೆಗಳಲ್ಲಿ ಎರಡಕ್ಕೆ ಹಬ್ಬದ ಬೀಗ. ಮೂರನೆಯದಕ್ಕೆ ಇನ್ನೂ ಬಾಗಿಲೇ ಇಟ್ಟಿರಲಿಲ್ಲ.

ಮಾವನವರ ಮುಖದಲ್ಲಿ ಮಾತ್ರ ಹಬ್ಬದ ಕಳೆ ಬಂತು. “ಒಳ್ಳೇದೇ ಆಯ್ತು ಬಿಡಮ್ಮ. ಚೊಂಬಿನ ಸ್ನಾನ ಯಾರಿಗೆ ಬೇಕು? ನಡೀರಿ ಅಳಿಯಂದಿರೇ, ನಿಮ್ಮ ಸೀತಮ್ಮನ ದೊಣೆಗೆ!”

ಶಾರದೆ ನನ್ನ ಮುಖ ನೋಡಿದಳು. ನಾನು ಒಂದು ದಿನವೂ ಆ ಕಡೆ ಹೋದವನಲ್ಲ ಎಂದು ಅವಳಿಗೆ ಗೊತ್ತು; ಭಾನುವಾರಗಳಲ್ಲಿ ನಾನು ಊಟ ಮಾಡಿ ಗೊರಕೆ ಹೊಡೆಯುವುದನ್ನು ನೋಡುವವಳು ಅವಳೇ. ಹೇಳಿಬಿಡಬಹುದಿತ್ತು. ಆದರೆ ಅವಳು ಸೀಗೆಪುಡಿಯ ಡಬ್ಬ, ಒಣ ಬಟ್ಟೆ, ಚೊಂಬು ಎಲ್ಲ ಚೀಲಕ್ಕೆ ತುಂಬಿ, “ದಾರಿ ಇವರಿಗೆ ಚೆನ್ನಾಗಿ ಗೊತ್ತಪ್ಪ,” ಎಂದು ಬೀಗ ಹಾಕಿದಳು. ಹೆಂಡತಿಯರು ಗಂಡನ ಮರ್ಯಾದೆ ಕಾಯುತ್ತಾರೆ, ನಿಜ. ಆದರೆ ಕಾಯುವಾಗ ಸ್ವಲ್ಪ ಮಜವನ್ನೂ ತೆಗೆದುಕೊಳ್ಳುತ್ತಾರೆ.

ಹೀಗೆ ನಾವು ಹೊರಟೆವು. ತಲೆಗೆ ಟವೆಲು ಸುತ್ತಿ, ಮೈಗೆ ಹಳೆಯ ಶಲ್ಯ ಹೊದ್ದು, ನೊಸಲಿನಲ್ಲಿ ಎಣ್ಣೆ ಹೊಳೆಯುತ್ತ, ಹೊಟ್ಟೆಯಲ್ಲಿ ಒಂದು ಗುಟುಕು ಕಾಫಿಯೂ ಇಲ್ಲದೆ. ಸ್ನಾನವಾಗದೆ ಊಟವಿಲ್ಲ, ದೊಣೆ ಸಿಗದೆ ಸ್ನಾನವಿಲ್ಲ, ದೊಣೆ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಮಾವನವರ ಮುಂದೆ ದಾರಿ ಕೇಳುವಂತೆಯೂ ಇಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಅವರನ್ನೂ ಶಾರದೆಯನ್ನೂ ಹಿಂದೆ ಬಿಟ್ಟು ಬಿರಬಿರನೆ ಮುಂದೆ ಹೋಗಿ, ಯಾರಾದರೂ ಸಿಕ್ಕರೆ ಮೆಲ್ಲಗೆ ಕೇಳಿಕೊಳ್ಳುವುದು.

ಸಾರಕ್ಕಿಯ ಹತ್ತಿರ ಸೊಪ್ಪಿನ ಕಟ್ಟು ತುಂಬಿದ ಗಾಡಿಯೊಂದು ಮಾರ್ಕೆಟ್ಟಿನ ಕಡೆಗೆ ಹೊರಟಿತ್ತು. ನಾನು ಕೈ ಎತ್ತಿ ಹತ್ತಿರ ಹೋದದ್ದೇ ತಡ, ಗಾಡಿಯವನು ಎತ್ತುಗಳನ್ನು ಜಗ್ಗಿ ನಿಲ್ಲಿಸಿದ.

“ಏನ್ ಸಾಮಿ ಇದು! ಹಬ್ಬದ ದಿನ ಎಣ್ಣೆ ತಲೇಲಿ ಎದುರಿಗೆ ಬಂದ್ರಲ್ಲಾ!” ಎಂದವನೇ ಕೆಳಗಿಳಿದು, ನನಗೆ ಬೆನ್ನು ಮಾಡಿ ಕುಳಿತು, ಎಲೆ ಅಡಿಕೆ ತೆಗೆದ. ಶಕುನ ಕೆಟ್ಟರೆ ಸ್ವಲ್ಪ ಹೊತ್ತು ಕುಳಿತು ಹೊಸದಾಗಿ ಹೊರಡಬೇಕೆಂಬುದು ನಿಯಮ. ನಾನು ಅವನ ಬೆನ್ನನ್ನೇ ಕೇಳಿದೆ. ಬೆನ್ನು ಉತ್ತರ ಕೊಡಲಿಲ್ಲ.

ಪುಟ್ಟೇನಹಳ್ಳಿಯ ಕೆರೆ ಕಂಡಿತು. ಅಲ್ಲಿ ಎಮ್ಮೆಗಳು ಆಗಲೇ ತಮ್ಮ ಅಭ್ಯಂಜನ ಮುಗಿಸುತ್ತಿದ್ದವು. “ಇದೇ ಆದೀತಲ್ಲ ಮಾವ?” ಎಂದು ಆಸೆಯಿಂದ ಕೇಳಿದೆ. “ದೊಣೆ ಅಂದಮೇಲೆ ದೊಣೆ,” ಎಂದರು. ಮುಂದೆ ಹೋಗಿ ಊರೊಳಕ್ಕೆ ತಿರುಗಿದೆ. ಅಲ್ಲೊಂದು ಮನೆಯಿಂದ ಕಮಾನು ಕಟ್ಟಿದ ಗಾಡಿ ಹೊರಡುತ್ತಿತ್ತು. ಒಳಗೆ ಗರಿಗರಿ ಪಂಚೆ, ಜರಿ ಪೇಟದ ಹುಡುಗ. ಮದುವೆಯಾದ ಮೇಲೆ ಮೊದಲನೆಯ ದೀಪಾವಳಿಗೆ ಕಗ್ಗಲೀಪುರದ ಮಾವನ ಮನೆಗೆ ಹೊರಟ ಹೊಸ ಅಳಿಯ. ಅವನ ತಾಯಿ ಗೌರಮ್ಮ ಹಾದಿಯಲ್ಲಿ ನಿಂತು, ಎದುರಿಗೆ ಏನು ಬರುತ್ತದೋ ಎಂದು ನೋಡುತ್ತಿದ್ದರು. ನಾನು ಬಂದೆ.

“ನಿಲ್ಸೋ ಗಾಡೀನ!” ಎಂದು ಆಕೆ ಕೂಗಿದ್ದಕ್ಕೆ ನಾನೂ ನಿಂತೆ. ಹುಡುಗ ಗಾಡಿಯಿಂದ ಇಳಿದ. ಒಳಗೆ ಹೋಗಿ ನೀರು ಕುಡಿದು ಹೊಸದಾಗಿ ಹೊರಡಬೇಕಲ್ಲ. ನನಗೆ ನಾಚಿಕೆಯಾಯಿತು. ಇವರ ಕಣ್ಣಿಗೆ ಬೀಳಬಾರದೆಂದು ಮಾವನವರನ್ನೂ ಶಾರದೆಯನ್ನೂ ಕರೆದುಕೊಂಡು ಹಿಂದಿನ ಓಣಿಯಲ್ಲಿ ನುಗ್ಗಿ, ಬಣವೆಗಳನ್ನು ಬಳಸಿ, ಊರ ಆಚೆ ತುದಿಯಲ್ಲಿ ಹೊರಬಿದ್ದೆ. ಅಷ್ಟು ಹೊತ್ತಿಗೆ ಗಾಡಿಯೂ, ಮಗನನ್ನು ಕಳಿಸಲು ಅದರ ಜೊತೆಗೆ ನಡೆದಿದ್ದ ಗೌರಮ್ಮನೂ ಅಲ್ಲಿಗೇ ಬಂದಾಗಿತ್ತು. ಮೊದಲ ಸಲ ಒಬ್ಬ ಎಣ್ಣೆ ತಲೆಯವನು. ಈಗ ಮೂವರು.

ಗೌರಮ್ಮ ಈ ಸಲ ಕೂಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮ ಹತ್ತಿರ ಬಂದರು. “ಅಲ್ಲಾ, ಯಾಕಿಂಗೆ ಎಣ್ಣೆ ಹಚ್ಕಂಡು ಊರೂರು ಸುತ್ತಾ ಇದೀರಿ? ನಿಮಗೆ ಯಾರಾದ್ರೂ ಹರಕೆ ಹೊರಿಸವ್ರಾ?”

ಶಾರದೆ ಹಂಡೆಯ ಕತೆ, ದೊಣೆಗೆ ಹೊರಟದ್ದು ಎರಡನ್ನೂ ಹೇಳಿದಳು. ಗೌರಮ್ಮನ ಮುಖ ಸಡಿಲವಾಯಿತು. ಮಗನ ಕಡೆ ತಿರುಗಿ, “ಎತ್ತು ಬಿಚ್ಚೋ. ಇವರಿಗೆ ನೀರು ಕಾಣಿಸ್ದೆ ನೀನು ಹೊಂಟ್ರೆ ಮೂರನೇ ದಪ ಎಲ್ಲಿ ಎದುರಾಗ್ತಾರೋ. ಮೊದ್ಲು ಇವರ ಮೈ ತೊಳೆಸಾಣ,” ಎಂದರು. ಆಮೇಲೆ ನಮ್ಮನ್ನು ಮುಂದೆ ಹಾಕಿಕೊಂಡು ಬಂಡೆಗಳ ಕಡೆಗೆ ನಡೆದರು. ಹೋಗುವಾಗ ನನ್ನ ದುರದೃಷ್ಟಕ್ಕೆ ಹೀಗೂ ಅಂದರು: “ನೀವೇ ನೋಡಿ ಸಾಮಿ ಮೊದ್ಲು. ಪ್ಯಾಟೆಯೋರು ಒಬ್ರೂ ಇದುವರ್ಗೂ ನಮ್ ಸೀತಮ್ಮನ ದೊಣೆ ಕಡೆ ತಲೆ ಹಾಕಿಲ್ಲ.”

ಮಾವನವರು ನನ್ನನ್ನು ನೋಡಿದರು. ನಾನು ಬಂಡೆಯನ್ನು ನೋಡಿದೆ. ಶಾರದೆ ಆಕಾಶ ನೋಡುತ್ತಿದ್ದಳು.

ದೊಣೆ ನಮ್ಮ ಮನೆಯ ಜಗಲಿಯಷ್ಟಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲುಗಳನ್ನು ಬೇಕಾದರೆ ಎಣಿಸಬಹುದಿತ್ತು. ಆಳವನ್ನು ಅಳೆಯುವುದಕ್ಕೆ ಆಳೇ ಬೇಕಿರಲಿಲ್ಲ, ಮೊಣಕಾಲು ಸಾಕಾಗಿತ್ತು. ಭೂಮಿ ಬಾಯ್ಬಿಡಲಿ ಎಂದು ಸೀತಮ್ಮ ಬೇಡಿಕೊಂಡಳಂತೆ. ಆ ಕೋರಿಕೆಯ ಅರ್ಥ ನನಗೆ ಅಲ್ಲಿ ಚೆನ್ನಾಗಿ ಆಯಿತು. ನಾನು ಸುಳ್ಳ ಎನ್ನುವುದಕ್ಕಿಂತ, ಅಪ್ಪ ಬಂದಾಗ ಗಂಡ ಹಗುರಾಗಿಬಿಟ್ಟನಲ್ಲ ಎಂದು ಶಾರದೆಗೆ ಅನ್ನಿಸುತ್ತದೆಯಲ್ಲ ಎಂಬುದೇ ನನ್ನನ್ನು ಚುಚ್ಚುತ್ತಿತ್ತು.

ಗೌರಮ್ಮ, “ಎಣ್ಣೆ ದೊಣೇಗೆ ಇಳಿಸ್ಬ್ಯಾಡಿ. ಬಂಡೆ ಮ್ಯಾಲೆ ತೊಳ್ಕಂಡು ಆಮ್ಯಾಕೆ ಇಳೀರಿ,” ಎಂದು ಹೇಳಿ ಶಾರದೆಯನ್ನು ಕರೆದುಕೊಂಡು ಬಂಡೆಯ ಮರೆಗೆ ಹೋದರು. ಮಾವನವರು ಸೀಗೆಪುಡಿ ಹಚ್ಚಿ ತೊಳೆದುಕೊಂಡರು. ನೀರಿಗಿಳಿದು, ಕೈ ಮುಗಿದು, ಗಂಗೆ ಯಮುನೆ ಗೋದಾವರಿಯರನ್ನೆಲ್ಲ ಹೆಸರು ಹಿಡಿದು ಕರೆದರು. ಅಷ್ಟು ದೊಡ್ಡ ನದಿಗಳು ಇಷ್ಟು ಸಣ್ಣ ಜಾಗದಲ್ಲಿ ಹೇಗೆ ಹಿಡಿಸಿದವೋ. ಕಾವೇರಿಯ ಹೆಸರು ಬಂದಾಗ ದನಿ ಸ್ವಲ್ಪ ತಗ್ಗಿತು. ಆಮೇಲೆ ಆ ಹಿರಿಯರು ಮೊಣಕಾಲುದ್ದದ ನೀರಿನಲ್ಲಿ ಕುಳಿತರು, ಮಲಗಿದರು. ಹೊಟ್ಟೆ ಮೇಲೆ ಉಳಿಯಿತು. ಬೋರಲಾದರು. ಬೆನ್ನು ಉಳಿಯಿತು. ಕಡೆಗೆ ಒಂದು ಮಗ್ಗುಲಾಗಿ, ಮೂಗು ಹಿಡಿದು, ಕಾಲು ಮುದುರಿ, ಪೂರ್ತಿ ಮುಳುಗಿದರು. ಎದ್ದು ಉಸಿರು ಬಿಟ್ಟು, “ಆಹಾ!” ಎಂದರು. ಆ ಆಹಾದಲ್ಲಿ ಕೊಂಕು ಇರಲಿಲ್ಲ.

ನಾನೂ ಇಳಿದೆ. ಬಂಡೆಯನ್ನು ತಬ್ಬಿಕೊಳ್ಳದೆ ನೀರಿನಲ್ಲಿ ನಿಂತದ್ದು ಜನ್ಮದಲ್ಲಿ ಅದೇ ಮೊದಲು. ಮನಸ್ಸಿನ ಭಾರದ ವಿಷಯ ನೆನಪಾಗಿ, “ಮಾವ, ನಾನು ಇಲ್ಲಿಗೆ ಹಿಂದೆ ಬಂದೇ ಇರಲಿಲ್ಲ,” ಎಂದೆ.

“ಅದು ನಂಗೆ ಸಾರಕ್ಕಿಯಲ್ಲೇ ಗೊತ್ತಾಯ್ತು. ದಾರಿ ಬಲ್ಲವನು ಯಾವತ್ತಾದ್ರೂ ಗಾಡಿಯವನ ಬೆನ್ನು ಮಾತಾಡಿಸ್ತಾನೆಯೇ?” ಎಂದು ಅವರು ಒಂದು ಚೊಂಬು ನೀರನ್ನು ನನ್ನ ತಲೆಯ ಮೇಲೆ ಸುರಿದರು. “ಬೆನ್ನು ತಿರುಗಿಸಿ, ಅಲ್ಲಿ ಇನ್ನೂ ಎಣ್ಣೆ ಇದೆ.” ಅವರೇ ತಿಕ್ಕಿದರು. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಕಾವೇರಿಯ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಆರಿಹೋಯಿತು.

ಎಲ್ಲರ ಸ್ನಾನ ಮುಗಿದಾಗ ಗೌರಮ್ಮ ಇನ್ನೊಂದು ಕೆಲಸ ಹಚ್ಚಿದರು. ಹಿತ್ತಾಳೆ ಕೊಡ ತರಿಸಿ, ದೊಣೆಯ ನೀರು ತುಂಬಿಸಿ, ಶಾರದೆಯ ಹಣೆಗೆ ಕುಂಕುಮವಿಟ್ಟು, ಒದ್ದೆ ಕೂದಲಿಗೆ ಹೂ ಮುಡಿಸಿ, “ಈಗ ಬಾರವ್ವ ಎದುರಿಗೆ!” ಎಂದರು. ತುಂಬಿದ ಕೊಡ ಹೊತ್ತ ಮುತ್ತೈದೆ ಎದುರಾಗುವುದಕ್ಕಿಂತ ಒಳ್ಳೆಯ ಶಕುನ ಇನ್ನಿಲ್ಲ. ಗಾಡಿ ಆ ಕಡೆಯಿಂದ ಹೊರಟಿತು, ಶಾರದೆ ಈ ಕಡೆಯಿಂದ ನಡೆದಳು. ಜರಿ ಪೇಟದ ಹುಡುಗ ಅವಳಿಗೆ ಕೈ ಮುಗಿದ. ಬೆಳಗ್ಗೆಯಿಂದ ಊರಿಗೆಲ್ಲ ಅಪಶಕುನವಾಗಿದ್ದ ನಮ್ಮ ಮನೆಯಿಂದ ಅಷ್ಟಾದರೂ ಮಂಗಳವಾಯಿತಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು. ಆಮೇಲೆ ಗೌರಮ್ಮ ಶಾರದೆಯ ಮಡಿಲಿಗೆ ಒಂದು ಸೇರು ಅವರೇಕಾಯಿ ಸುರಿದು, “ಒಂಟಿ ಅನ್ಕಬ್ಯಾಡ, ಬತ್ತಾ ಇರು,” ಎಂದರು. ಮುಂದೆ ಅವಳು ಆಗಾಗ ಹೋಗುತ್ತಲೂ ಇದ್ದಳು.

ಮರುವರ್ಷ ಮಾವನವರ ಅಣ್ಣನ ಮಗಳ ಮದುವೆಗೆ ಅವರ ಊರಿಗೆ ಹೋದೆವು. ಚಪ್ಪರದಲ್ಲಿ ಕಾಲಿಡುತ್ತಿದ್ದ ಹಾಗೆ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡರು. “ಓಹೋ, ಸೀತಮ್ಮನ ದೊಣೆ ಅಳಿಯಂದಿರು ನೀವೇನಾ? ನಮ್ಮ ಕಾವೇರಿ ಅದರ ಮುಂದೆ ಏನೂ ಅಲ್ಲವಂತೆ! ಆನೆ ಇಳಿದ್ರೂ ಮುಳುಗತ್ತಂತೆ, ನಿಜವೇ?”

ನಾನು ಮಾವನವರ ಕಡೆ ನೋಡಿದೆ. ಅವರು ಶಲ್ಯ ಸರಿಮಾಡಿಕೊಳ್ಳುವುದರಲ್ಲಿ ಬಹಳ ಮಗ್ನರಾಗಿದ್ದರು. ಹುಟ್ಟಿದಾಗಿನಿಂದ ತಮ್ಮನ್ನು ಸಾಕಿದ ಹೊಳೆಯನ್ನು ಅವರು ಮಗಳ ಮನೆಗೋಸ್ಕರ ತಗ್ಗಿಸಿ ಮಾತಾಡಿದ್ದರು. ನನ್ನ ಎರಡಾಳಿನ ಸುಳ್ಳು ಅವರ ಆನೆಯ ಮುಂದೆ ಎಷ್ಟರದ್ದು!

“ಆನೆ ವಿಷಯ ನಂಗೊತ್ತಿಲ್ಲ ಸ್ವಾಮಿ,” ಎಂದೆ. “ಆದ್ರೆ ನಮ್ಮ ಮಾವನವರು ಅದರಲ್ಲಿ ಪೂರ್ತಿ ಮುಳುಗಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ.”